ಡಬ್ಬಿಯ ವೈಫೈ ಆರಿದಾಗ ಬಂದ ಫೋನು

ಖಾನಾಪುರದಲ್ಲಿ ಮಂಜು ಇನ್ನೂ ಕರಗಿಲ್ಲ. ಮಲಪ್ರಭಾ ಸೇತುವೆಯಿಂದ ಊರೊಳಗೆ ಬರುವ ರಸ್ತೆಯ ತಿರುವಿನಲ್ಲಿ ಸಿಮೆಂಟ್ ಕಂಬವೊಂದಕ್ಕೆ ಏಣಿ ಒರಗಿದೆ. ಅದರ ತುದಿಯಲ್ಲಿ ನಿಂತಿರುವವರು ಶಮಶಾದ ಕಿಲ್ಲೇದಾರ. ಚೂಡಿದಾರದ ಮೇಲೆ ಗಂಡನ ಹಳೆಯ ಜರ್ಕಿನ್, ತಲೆಗೆ ಬಿಗಿದು ಕಟ್ಟಿದ ಓಢಣಿ, ಹಲ್ಲುಗಳ ನಡುವೆ ಕಚ್ಚಿಕೊಂಡ ಕಪ್ಪು ಟೇಪು. ಒಂದು ಕೈ ಕಂಬವನ್ನು ತಬ್ಬಿದೆ, ಇನ್ನೊಂದು ಕೈ ಹರಿದ ಕೇಬಲ್ಲಿನ ತುದಿಯನ್ನು ಪಕ್ಕಡದಲ್ಲಿ ಹಿಡಿದು ಸುಲಿಯುತ್ತಿದೆ.

"ಮಂಗ್ಯಾ ಕಡದಾವ್ರಿ," ಎಂದು ಟೇಪನ್ನು ಕಿಸೆಗೆ ಹಾಕಿಕೊಂಡು ಮೇಲಿನಿಂದಲೇ ಕೂಗಿ ಹೇಳುತ್ತಾರೆ. "ಅಡವ್ಯಾಗಿಂದ ಬರ್ತಾವ. ತಂತಿ ಹಿಡದು ಜೋತಾಡ್ತಾವ. ಹಲ್ಲಿಗೆ ಏನ ರುಚಿ ಹತ್ತೇತೋ ಏನೋ!"

ಕೆಳಗೆ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಹಾದು ಹೋಗುತ್ತವೆ. ಬೆಳಗಾವಿಯ ಮೊದಲ ಬಸ್ಸು ಹಿಡಿಯಲು ಉದ್ಯಮಬಾಗದ ಕಾರ್ಖಾನೆಗಳ ಕೆಲಸಗಾರರು ಬುತ್ತಿ ಚೀಲ ಹಿಡಿದು ನಡೆಯುತ್ತಿದ್ದಾರೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಂಬದ ಮೇಲೆ ಹೆಂಗಸು ಇರುವುದು ಈ ಊರಿಗೆ ಹಳತಾಗಿದೆ. ಮನೆಗಳಲ್ಲಿ ಜನ ಎದ್ದು ಫೋನು ಕೈಗೆತ್ತಿಕೊಳ್ಳುವ ಹೊತ್ತಿಗೆ ಇಂಟರ್ನೆಟ್ ಬಂದಿರುತ್ತದೆ. ಅದು ಹೋಗಿತ್ತು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ನಾನು ಖಾನಾಪುರಕ್ಕೆ ಬಂದದ್ದು ಕಂಬ ಹತ್ತುವ ಈ ಹೆಂಗಸಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು, ಏಣಿಯ ಮೇಲಿನ ಒಂದು ಫೋಟೋ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಮರಳುವ ಎಣಿಕೆಯಲ್ಲಿ. ಆದರೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದ ಸಂಗತಿ ನನ್ನ ಎಣಿಕೆಯನ್ನೆಲ್ಲ ತಲೆಕೆಳಗು ಮಾಡಿತು. ಅದನ್ನು ಕೇಳಿ ವಾರಗಳೇ ಕಳೆದಿವೆ. ನಾನಿನ್ನೂ ಸುಧಾರಿಸಿಕೊಂಡಿಲ್ಲ.

ಶಮಶಾದ ಅವರ ತವರು ನಂದಗಡ. ಮದುವೆಯಾಗಿ ಖಾನಾಪುರಕ್ಕೆ ಬಂದರು. ಪತಿ ಶಬ್ಬೀರ ಉದ್ಯಮಬಾಗದ ಫೌಂಡ್ರಿಗಳಿಂದ ಎರಕದ ಸಾಮಾನುಗಳನ್ನು ತನ್ನ ಟೆಂಪೋದಲ್ಲಿ ಮಚ್ಛೆಯ ಸಣ್ಣ ಕಾರ್ಖಾನೆಗಳಿಗೆ ಮುಟ್ಟಿಸುತ್ತಾರೆ. ಶಮಶಾದ ಕೂಡ ಕೆಲವು ವರ್ಷ ಮಚ್ಛೆಯಲ್ಲಿ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡಿದವರು. ಆ ಘಟಕ ಬಾಗಿಲು ಹಾಕಿದಾಗ ಖಾನಾಪುರದ ಕೇಬಲ್ ಕಚೇರಿಯಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸ ಸಿಕ್ಕಿತು. ಕಚೇರಿಯ ಯಜಮಾನರು ಗುರುಪುತ್ರಪ್ಪ. ಸ್ಥಳೀಯವಾಗಿ ಕೇಬಲ್ ಹಾಗೂ ಇಂಟರ್ನೆಟ್ ಹಂಚುವ ಹಿರಿಯರು.

"ಒಂದ ಮಳಿಗಾಲದಾಗ ಲೈನ್ ಹುಡುಗರು ಯಾರೂ ಬರಲಿಲ್ರಿ. ಫೋನ್ ಮ್ಯಾಲೆ ಫೋನ್. 'ಬರ್ತಾರ್ರಿ, ಈಗ ಬರ್ತಾರ್ರಿ' ಅಂತ ಸುಳ್ಳ ಹೇಳಿ ಹೇಳಿ ನನಗ ಬ್ಯಾಸರಾತು. ನಿಚ್ಚಣಿಕಿ ನಾನ ಎತ್ಕೊಂಡು ಹೋದೆ," ಎಂದು ನಗುತ್ತಾರೆ ಶಮಶಾದ. "ಗುರುಪುತ್ರಪ್ಪಜ್ಜಾರು ಹಿಂದಿಂದ ಓಡಿ ಬಂದ್ರು. 'ಇಳಿಯವ್ವಾ, ಬಿದ್ದಿ ಗಿದ್ದಿ' ಅಂದ್ರು. ಅಷ್ಟರಾಗ ತಂತಿ ಕೂಡಿತ್ತು."

ಅಂದಿನಿಂದ ಅವರು ಕೆಳಗಿಳಿದಿಲ್ಲ. ಮೊದಮೊದಲು ಮೂಗು ಮುರಿದವರು ಇದ್ದರು. ಆದರೆ ಹಗಲು ಹೊತ್ತು ಮನೆಯಲ್ಲಿ ಹೆಂಗಸರಷ್ಟೇ ಇರುವ ಕಡೆಗಳಿಂದ "ಅಕ್ಕಾರನ್ನ ಕಳಸ್ರಿ" ಎಂಬ ಕರೆ ಹೆಚ್ಚುತ್ತ ಹೋಯಿತು. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿಯ ಮನೆಯಲ್ಲಿ ಮರಾಠಿ, ತಮ್ಮ ಮನೆಯಲ್ಲಿ ದಖನಿ. ಬೆಳಿಗ್ಗೆ ಕಂಬಗಳು, ಮಧ್ಯಾಹ್ನ ಮನೆಗಳು. ಒಂದು ದಿನಕ್ಕೆ ಎಂಟು ಹತ್ತು ಮನೆಯಾದರೂ ಆಗುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಊಟ ಯಾವ ಮನೆಯ ಮೆಟ್ಟಿಲ ಮೇಲೆ ಎಂಬುದು ಆ ದಿನವೇ ಗೊತ್ತಾಗಬೇಕು.

ಅಂಥದೇ ಒಂದು ಮಧ್ಯಾಹ್ನ, ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಸಮೃದ್ಧಿ ಎಂಬ ಹುಡುಗಿಯಿಂದ ಕಚೇರಿಗೆ ಫೋನು ಬಂತು. ಸಮೃದ್ಧಿ ಮತ್ತು ಆಕೆಯ ತಂಗಿ ಸೃಷ್ಟಿ ಖಾನಾಪುರದಲ್ಲೊಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. (ಇವು ಅವರ ನಿಜವಾದ ಹೆಸರುಗಳಲ್ಲ. ಯಾಕೆ ಬದಲಿಸಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.) ಅಕ್ಕ ಉದ್ಯಮಬಾಗದ ಒಂದು ಘಟಕಕ್ಕೆ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದಳು, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ. ತಂಗಿ ಶಾಲೆಯಲ್ಲಿ ಟೀಚರು. ನಕ್ಷೆಗಳು ಹೊರಗೆ ಹೋಗಬಾರದೆಂದು ಘಟಕದವರು ಸಮೃದ್ಧಿಗೆ ತಮ್ಮದೇ ಒಂದು ರೌಟರ್ ಕೊಟ್ಟು, ಮನೆಯಲ್ಲಿ ಅದನ್ನೇ ಬಳಸಬೇಕೆಂದಿದ್ದರು. ಆಕೆ ಅದನ್ನು ಹಾಲ್‌ನಲ್ಲಿದ್ದ ಕೇಬಲ್ ಕಂಪನಿಯ ಡಬ್ಬಿಗೆ ತಾನೇ ಜೋಡಿಸಿ ನೋಡಿದಳು. ನೆಟ್ ಬರುತ್ತಿತ್ತು, ಹೋಗುತ್ತಿತ್ತು.

"ಒಂದ ಮನಿಗೆ ಇಬ್ರು ಯಜಮಾನ್ರು ಆದಂಗ್ರಿ ಅದು," ಎಂದು ನನಗೆ ತಿಳಿಸಿ ಹೇಳುತ್ತಾರೆ ಶಮಶಾದ. "ಕಂಪನಿ ಡಬ್ಬಿನೂ ವೈಫೈ ಬಿಡ್ತೇತಿ, ನಿಮ್ಮ ರೌಟರೂ ಬಿಡ್ತೇತಿ. ಇಬ್ರೂ ಕಾರಭಾರ ಮಾಡಾಕ ನಿಂತ್ರ ಜಗಳಾ ಹತ್ತತೇತಿ. ಹಂಗಾಗಿ ಡಬ್ಬಿನ್ನ ಮೋಡೆಮ್ ಮೋಡ್‌ಗೆ ಹಾಕಬೇಕು. ಆಗ ಅದು ಹೊರಗಿನ ಲೈನ್ ಒಳಗ ತಂದು ಕೊಟ್ಟು ಸುಮ್ನ ಕುಂದರತೇತಿ. ಅದರ ವೈಫೈ ಆರತೇತಿ. ಮುಂದಿಂದೆಲ್ಲಾ ನಿಮ್ಮ ರೌಟರ್ ನೋಡ್ಕೊತೇತಿ."

ಮನೆಗೆ ಹೋದ ಶಮಶಾದ ಎಂದಿನಂತೆ ಮೊದಲು ಒಂದು ಮಾತು ಕೇಳಿದರು: ಹಳೆಯ ವೈಫೈಗೆ ಏನೇನು ಜೋಡಿಸೀರಿ? ಯಾಕೆಂದರೆ ಅದು ಆರಿದರೆ ಅದರ ಮೇಲಿದ್ದುದೆಲ್ಲ ನಿಲ್ಲುತ್ತದೆ. ಆಮೇಲೆ ಟಿವಿ ಹೋಯಿತು, ಪ್ರಿಂಟರ್ ಹೋಯಿತು ಎಂದು ಮತ್ತೆ ಕರೆಯುತ್ತಾರೆ. ಸಮೃದ್ಧಿ ಬೆರಳು ಮಡಚಿದಳು. ಇಬ್ಬರ ಫೋನು, ಒಂದು ಲ್ಯಾಪ್‌ಟಾಪ್, ಒಂದು ಟಿವಿ.

ಡಬ್ಬಿಯ ಅಡಿಯಲ್ಲಿದ್ದ ಚೀಟಿ ನೋಡಿ ಶಮಶಾದ ಅದರ ಸೆಟ್ಟಿಂಗ್ ಪುಟ ತೆರೆದರು. ವೈಫೈಗೆ ಜೋಡಿಸಿದವುಗಳ ಪಟ್ಟಿಯಲ್ಲಿ ಆ ನಾಲ್ಕರ ಜೊತೆ ಇನ್ನೊಂದು ಇತ್ತು. ಹೆಸರಿನ ಜಾಗದಲ್ಲಿ ಅರ್ಥವಾಗದ ಅಕ್ಷರ, ಅಂಕಿಗಳು.

"ಇದು ಯಾರದ್ರಿ?"

"ಬಾಜೂ ಮನಿಯವರು ಯಾರರ ನಮ್ಮ ವೈಫೈ ಹಿಡದಾರೇನೋ, ಅಕ್ಕಾರ," ಎಂದಳು ಸೃಷ್ಟಿ.

"ಪಾಸ್‌ವರ್ಡ್ ಬದಲ ಮಾಡಿಲ್ಲೇನು?"

"ಮಾಡಬ್ಯಾಡ್ರಿ ಅಂದಾರ ಮಾಲೀಕ ಕಾಕಾ. ಡಬ್ಬಿ ಅವರದ ಅಂತ, ಕೆಡತೇತಿ ಅಂದ್ರು."

ಆ ಮಾತು ಶಮಶಾದಗೆ ವಿಚಿತ್ರವೆನಿಸಿತು. ಡಬ್ಬಿ ಕಂಪನಿಯದು. ಮನೆ ಕಟ್ಟಿಸಿದಾಗ ಮಾಲೀಕರು ಹಾಕಿಸಿಕೊಂಡ ಸಂಪರ್ಕವನ್ನು ಸಮೃದ್ಧಿ ಬಾಡಿಗೆಗೆ ಬಂದ ಮೇಲೆ ಕಚೇರಿಯಲ್ಲಿ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಪಾಸ್‌ವರ್ಡ್ ಬದಲಿಸಿದರೆ ಡಬ್ಬಿ ಯಾಕೆ ಕೆಡಬೇಕು? ಆದರೂ ಆಗ ಅವರು ಅದನ್ನು ಎಳೆದಾಡಲಿಲ್ಲ. ಡಬ್ಬಿಯನ್ನು ಮೋಡೆಮ್ ಮೋಡ್‌ಗೆ ಹಾಕಿದರು. ಅದರ ದೀಪಗಳು ಆರಿ, ಮಿಣುಕಿ, ಮತ್ತೆ ಹತ್ತಿದವು. ಡಬ್ಬಿಯಿಂದ ಹೊಸ ರೌಟರಿಗೆ ಒಂದು ತಂತಿ ಎಳೆದು, ರೌಟರ್ ಚಾಲೂ ಮಾಡಿ, ಹೊಸ ಹೆಸರು ಕೊಟ್ಟು, ಪಾಸ್‌ವರ್ಡನ್ನು ಸಮೃದ್ಧಿಯ ಕೈಯಿಂದಲೇ ಹಾಕಿಸಿದರು. ನೆಟ್ ಓಡಿತು. ಸೃಷ್ಟಿ ಚಹಾಕ್ಕೆ ಇಟ್ಟಳು.

ಆ ಚಹಾ ಬಸಿಯಿಂದ ಬಾಯಿಗೆ ಬರುವುದರೊಳಗೆ ಸಮೃದ್ಧಿಯ ಫೋನು ಬಡಿಯಿತು. ಮನೆ ಮಾಲೀಕ.

"ಮಗಳ, ನಿಮ್ಮ ನೆಟ್ ಹೋಗೇತೇನು?"

"ಇಲ್ರಿ ಕಾಕಾ, ಭಾಳ ಚಲೋ ನಡದೇತಿ."

"ಡಬ್ಬಿಗೆ ಯಾರರ ಕೈ ಹಚ್ಚ್ಯಾರೇನು?"

ಆತನ ಹೆಸರನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಪ್ರಕರಣ ನ್ಯಾಯಾಲಯದಲ್ಲಿದೆ. ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಕೈ ಮುಗಿಯುತ್ತಿದ್ದ ಮನುಷ್ಯ ಎಂದಷ್ಟೇ ಹೇಳಬಲ್ಲೆ. ಹಬ್ಬಕ್ಕೆ ಈ ಹುಡುಗಿಯರಿಗೆ ಕರದಂಟು ಕಳಿಸುತ್ತಿದ್ದವ. "ನೀವು ನನ್ನ ಮಕ್ಕಳಿದ್ದಂಗ" ಎನ್ನುತ್ತಿದ್ದವ. ಮನೆ ನೋಡಲು ಬಂದ ಅವರ ತಂದೆ-ತಾಯಿ ಆ ಮಾತು ಕೇಳಿಯೇ ನೆಮ್ಮದಿಯಿಂದ ಊರಿಗೆ ಮರಳಿದ್ದರು.

ಸ್ವಲ್ಪ ಹೊತ್ತಿನಲ್ಲೇ ಆತನ ಸ್ಕೂಟರ್ ಕೆಳಗೆ ನಿಂತಿತು. ಮೇಲೆ ಬಂದವನು ಹುಡುಗಿಯರತ್ತ ನೋಡಲಿಲ್ಲ, ಶಮಶಾದ ಅವರತ್ತಲೂ ನೋಡಲಿಲ್ಲ. ನೇರ ಡಬ್ಬಿಯನ್ನೇ ನೋಡಿದ.

"ಇದರ ವೈಫೈ ಯಾಕ ಬಂದ್ ಮಾಡೀರಿ? ಮೊದಲಿನಂಗ ಚಾಲೂ ಮಾಡ್ರಿ."

"ಅವರ ಆಫೀಸಿನ ರೌಟರ್ ಜೋಡಿಸೇನ್ರಿ. ಡಬ್ಬಿ ವೈಫೈ ಇನ್ನ ಬೇಕಾಗಿಲ್ಲ," ಎಂದರು ಶಮಶಾದ.

"ಆ ರೌಟರಿಂದು ಅದ ಏನೋ ಕಿರಣ ಇರ್ತಾವಂತ, ಹೆಣ್ಮಕ್ಕಳಿಗೆ ಚಲೋ ಅಲ್ಲ. ಅದನ್ನ ತಗೀರಿ. ಡಬ್ಬಿ ಹೆಂಗಿತ್ತೋ ಹಂಗ ಇರ್ಲಿ."

ಆಗ ಶಮಶಾದ ಒಂದು ಪ್ರಶ್ನೆ ಕೇಳಿದರು. ಯಾವ ಅನುಮಾನವೂ ಇಲ್ಲದೆ, ಅರ್ಥವಾಗದ್ದಕ್ಕೆ ಕೇಳಿದ್ದು ಎನ್ನುತ್ತಾರೆ.

"ಮಾಲೀಕ್ರ, ನಿಮ್ಮ ಮನಿ ಆ ಓಣ್ಯಾಗ. ಅಲ್ಲಿ ನಿಮಗ ಬ್ಯಾರೆ ಲೈನ್ ಐತಿ, ನಾನ ಎಳದೇನಿ. ಇಲ್ಲೀ ಡಬ್ಬಿ ವೈಫೈ ಆರಿದ್ದು ನಿಮಗಲ್ಲೆ ಹ್ಯಾಂಗ ಗೊತ್ತಾತ್ರಿ?"

ಆತ ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. ಸೃಷ್ಟಿ ನಿನ್ನೆ ಏನೋ ಅಂದಿದ್ದಳು ಎಂದ. "ನಾ ಏನೂ ಅಂದಿಲ್ಲಲ್ಲ ಕಾಕಾ," ಎಂದಳು ಸೃಷ್ಟಿ. ನಾಳೆ ತನ್ನ ಮನುಷ್ಯನನ್ನು ಕರೆತಂದು ಸರಿ ಮಾಡಿಸುತ್ತೇನೆ, ಅಲ್ಲಿತನಕ ಏನೂ ಮುಟ್ಟಬೇಡಿ ಎಂದು ಹೇಳಿ ಮೆಟ್ಟಿಲು ಇಳಿದುಬಿಟ್ಟ.

"ಅವಾ ಇಳದ ಹ್ವಾದ್ನಲ್ರಿ, ಆಗ ನನಗ ಹೊಳೀತು," ಎನ್ನುತ್ತಾರೆ ಶಮಶಾದ. "ನೆಟ್ ಹುಡಿಗ್ಯಾರದು ನಡದೇತಿ. ಅವನ ಮನೀದೂ ನಡದೇತಿ. ಮತ್ತ ಬಂದ್ ಆದದ್ದು ಏನು? ಆ ಒಂದ ಹೆಸರಿಲ್ಲದ್ದು ಇತ್ತಲ್ರಿ, ಅದ ಬಂದ್ ಆಗೇತಿ. ಅದು ಬಂದ್ ಆದದ್ದು ಅವನಿಗೆ ಅಲ್ಲಿ ಕುಂತಲ್ಲೆ ಗೊತ್ತಾಗೇತಿ."

ಅವರು ಬಾಗಿಲ ಚಿಲಕ ಹಾಕಿದರು. ರೌಟರ್ ಬದಿಗಿಟ್ಟು ಡಬ್ಬಿಯನ್ನು ಮತ್ತೆ ಮೊದಲಿನ ಹಾಗೆ ಮಾಡಿದರು. ಹಳೆಯ ವೈಫೈ ಹತ್ತಿತು. ಸೆಟ್ಟಿಂಗ್ ಪುಟದಲ್ಲಿ ಹುಡುಗಿಯರ ಫೋನುಗಳು ಬಂದವು, ಟಿವಿ ಬಂತು. ಆಮೇಲೆ ಆ ಹೆಸರಿಲ್ಲದ್ದೂ ಬಂತು. ಪಕ್ಕದ ಮನೆಯವರದಾಗಿದ್ದರೆ ಈ ಮನೆಯ ಕರೆಂಟು ತೆಗೆದರೂ ಅದು ಅಲ್ಲಿ ಇರಬೇಕು. ಶಮಶಾದ ಮೇನ್ ಬೋರ್ಡಿನ ಮುಂದೆ ನಿಂತು ಒಂದೊಂದೇ ಸ್ವಿಚ್ ಕೆಳಗೆ ಮಾಡುತ್ತ ಹೋದರು. ಡಬ್ಬಿ ಇದ್ದ ಹಾಲ್‌ನದೊಂದನ್ನು ಬಿಟ್ಟರು. ಅಡುಗೆಮನೆಯದು ತೆಗೆದರು. ಅದು ಇದ್ದೇ ಇತ್ತು. ಬಚ್ಚಲಿನದು ತೆಗೆದರು. ಆಗಲೂ ಇತ್ತು.

ಮಲಗುವ ಕೋಣೆಯ ಸ್ವಿಚ್ ಕೆಳಗೆ ಮಾಡಿದಾಗ ಅದು ಹೋಯಿತು.

ಮೇಲೆ ಮಾಡಿದರೆ ಬಂತು. ಇನ್ನೊಮ್ಮೆ ಕೆಳಗೆ ಮಾಡಿದರು. ಹೋಯಿತು.

"ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಆ ಖೋಲಿಗೆ ಹೋದ್ವಿ."

ಕೋಣೆಯಲ್ಲಿ ಮಂಚ, ಕಪಾಟು, ಕನ್ನಡಿ. ಕಪಾಟಿನ ಎದುರು ಗೋಡೆಯ ಮೇಲ್ಭಾಗದಲ್ಲಿ ಎಸಿ ಜೋಡಿಸಲೆಂದು ಮಾಡಿದ ದಪ್ಪ ಪ್ಲಗ್ ಪಾಯಿಂಟ್ ಇತ್ತು. ಎಸಿ ಇರಲಿಲ್ಲ. ಶಮಶಾದ ಕುರ್ಚಿ ಇಟ್ಟು ಹತ್ತಿ, ಕೈ ತಾಗಿಸದೆ, ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಮೂರು ತೂತುಗಳಲ್ಲಿ ಎರಡು ಕಪ್ಪಗಿದ್ದವು. ಮೂರನೆಯದರಲ್ಲಿ ಸಾಸಿವೆಯಷ್ಟು ಗಾಜು ಮಿಂಚಿತು.

ಸೃಷ್ಟಿ ಓಢಣಿ ಎಳೆದು ಮೈತುಂಬ ಹೊದ್ದುಕೊಂಡಳಂತೆ. ಸಮೃದ್ಧಿ ಮಾತ್ರ ಕಪಾಟಿನ ಎದುರು ನಿಂತು, ಅಲ್ಲಿಂದ ಗೋಡೆಯ ಆ ಜಾಗವನ್ನು ನೋಡಿದಳು. ಮತ್ತೆ ಮಂಚದ ಕಡೆ ಹೋಗಿ ಅಲ್ಲಿಂದ ನೋಡಿದಳು. "ಎಲ್ಲಾ ಕಾಣತೇತಿ, ಅಕ್ಕಾರ. ಇಲ್ಲಿಂದ ಎಲ್ಲಾ ಕಾಣತೇತಿ," ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ. ಕುರ್ಚಿ ಎಳೆದು ಆ ಪ್ಲೇಟನ್ನೇ ಕಿತ್ತು ಹಾಕಲು ಹೋದಳು. ಶಮಶಾದ ಅವಳ ಎರಡೂ ಕೈ ಹಿಡಿದುಕೊಂಡರು.

"ಬ್ಯಾಡ ಬೇಟಾ. ಅದು ಎಲ್ಲಿ ಐತೋ ಅಲ್ಲೇ ಪೊಲೀಸ್ರಿಗೆ ಕಾಣಬೇಕು. ಕಿತ್ತಿ ಅಂದ್ರ ಅವಾ ತನ್ನದಲ್ಲ ಅಂತಾನ."

ಕೋಣೆಯ ಸ್ವಿಚ್ಚನ್ನು ಕೆಳಗೇ ಬಿಟ್ಟು, ಮನೆಗೆ ಕೀಲಿ ಹಾಕಿ, ಶಬ್ಬೀರ ಅವರ ಟೆಂಪೋ ಕರೆಸಿಕೊಂಡು ಮೂವರೂ ಠಾಣೆಗೆ ಹೋದರು. ಅಂದೇ ಸಂಜೆ ಪೊಲೀಸರು ಬಂದು ಪಂಚರ ಎದುರು ಪ್ಲೇಟು ಬಿಚ್ಚಿದರು. ಒಳಗೆ ಕ್ಯಾಮೆರಾ ಇತ್ತು, ಅದಕ್ಕೆ ಗೋಡೆಯೊಳಗಿನಿಂದಲೇ ಕರೆಂಟು. ಹುಡುಗಿಯರ ವೈಫೈ ಮೇಲೆಯೇ ಅವರ ಕೋಣೆಯ ಚಿತ್ರ ಹೊರಗೆ ಹೋಗುತ್ತಿತ್ತು.

ಆ ರಾತ್ರಿ ಶಮಶಾದಗೆ ನಿದ್ದೆ ಹತ್ತಲಿಲ್ಲ. ಅವರ ಮಗಳು ಜನ್ನತ ಬೆಳಗಾವಿಯಲ್ಲಿ ಡಿಪ್ಲೊಮಾ ಓದುತ್ತಾಳೆ. ಗೆಳತಿಯರೊಂದಿಗೆ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಬೆಳಗಾಗುತ್ತಲೇ ಮೊದಲ ಬಸ್ಸು ಹಿಡಿದು, ಅರೆನಿದ್ದೆಯಲ್ಲಿ ಬಾಗಿಲು ತೆರೆದ ಮಗಳನ್ನು ಬದಿಗೆ ಸರಿಸಿ, ಒಳಗೆ ಹೋಗಿ ಗೋಡೆ ಗೋಡೆ ತಡವಿದರು.

"ಅಮ್ಮಿ, ಕ್ಯಾ ಹುವಾ?" ಎಂದು ಮಗಳು ಕೇಳುತ್ತಲೇ ಇದ್ದಳು. ಬಲ್ಬು, ಫ್ಯಾನು, ಪ್ಲಗ್ಗು, ಬಚ್ಚಲಿನ ಕಿಟಕಿ. ಏನೂ ಇರಲಿಲ್ಲ. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಶಮಶಾದ ಮಗಳ ಹಾಸಿಗೆಯ ಮೇಲೆ ಕುಳಿತು ಅತ್ತರು. "ಹುಡಿಗ್ಯಾರ ಮುಂದ ಅತ್ತಿದ್ದಿಲ್ರಿ. ಅಲ್ಲೆ ಹೋಗಿ ಅತ್ತೆ."

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ಮನೆ ಮಾಲೀಕ ಪೊಲೀಸರಿಗೆ ಬೇರೆಯೇ ಒಂದು ಮಾತು ಹೇಳಿದ. ಡಬ್ಬಿ ಜೋಡಿಸಿದವಳು ಆ ಕೇಬಲ್ಲಿನ ಹೆಂಗಸು. ಊರ ಮಂದಿಯ ಮನೆಯೊಳಗೆ ಹೊಕ್ಕು ಬರುವವಳು ಅವಳು. ಚೀಲದ ತುಂಬ ಹತಾರ ಇರುವುದು ಅವಳ ಬಳಿ. ಇಟ್ಟವಳೂ ಅವಳೇ, ಹುಡುಕಿದಂತೆ ನಾಟಕ ಮಾಡಿದವಳೂ ಅವಳೇ. ತನ್ನ ಫೋನು ಎಲ್ಲೋ ಬಿದ್ದು ಕಳೆದುಹೋಗಿದೆ ಎಂದ. ವಿಚಾರಣೆ ಎಂದ ಮೇಲೆ ಎರಡೂ ಕಡೆಯವರನ್ನು ಕೇಳಲೇಬೇಕು. ಶಮಶಾದಗೆ ಠಾಣೆಯಿಂದ ಕರೆ ಬರತೊಡಗಿತು. ಅಂಗಡಿಕಟ್ಟೆಗಳಲ್ಲಿ ಮಾತು ಹುಟ್ಟಿತು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಚಂದ್ರವ್ವ ಎಂಬ ಹಿರಿಯರ ಮನೆಗೆ ಶಮಶಾದ ವರ್ಷಗಳಿಂದ ಹೋಗಿ ಬರುತ್ತಿದ್ದರು. ಅವರ ಟಿವಿ ಸರಿ ಮಾಡಿ, ಅವರ ಕೈಯ ರೊಟ್ಟಿ ತಿಂದು ಬರುವಷ್ಟು ಬಳಕೆ. ಆ ದಿನಗಳಲ್ಲೊಮ್ಮೆ ದೂರು ಬಂದಿದ್ದರಿಂದ ಹೋಗಿ ಬಾಗಿಲು ಬಡಿದರು.

"ಯಾರ?"

"ನಾನ್ರಿ ಆಯಿ, ಶಮಶಾದ. ಟಿವಿ ಹೋಗೇತೆಂದಿದ್ರಲ್ಲ."

ಒಳಗೆ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂದು ನಿಂತಿತು. ಚಿಲಕ ಮಾತ್ರ ತೆಗೆಯಲಿಲ್ಲ. "ಇರ್ಲಿ ಬಿಡವ್ವಾ. ಮತ್ತ ಯಾವಾಗರೆ ಮಾಡಿಸ್ಕೊತೀನಿ," ಎಂಬ ದನಿ ಬಂತು.

"ಕಂಬದ ಮ್ಯಾಲಿಂದ ಬಿದ್ದಿದ್ರೂ ಅಷ್ಟ ನೋವ ಆಗ್ತಿದ್ದಿಲ್ಲ," ಎನ್ನುತ್ತಾರೆ ಶಮಶಾದ.

ಗುರುಪುತ್ರಪ್ಪ ಶಮಶಾದಗೆ ಕೆಲವು ದಿನ ಮನೆಯಲ್ಲೇ ಇರಲು ಹೇಳಿದರು. ಅವರನ್ನು ನಾನು ಕಚೇರಿಯಲ್ಲಿ ಕಂಡು ಕೇಳಿದೆ. ತಲೆ ತಗ್ಗಿಸಿಯೇ ಉತ್ತರಿಸಿದರು. "ನನಗ ಆಕಿ ಮ್ಯಾಲೆ ಅನುಮಾನ ಇರಲಿಲ್ಲ. ಆದ್ರ ಗಿರಾಕಿಗಳು ಒಬ್ಬೊಬ್ರ ಫೋನ್ ಮಾಡಿ ಆಕಿನ್ನ ಕಳಸಬ್ಯಾಡ್ರಿ ಅನ್ನಾಕ ಹತ್ತಿದ್ರು. ನಾ ಗಟ್ಟಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ."

ಮನೆಯಲ್ಲಿ ಕುಳಿತ ಆ ದಿನಗಳಲ್ಲಿ ಶಮಶಾದ ಏಣಿಯನ್ನು ಹಿತ್ತಿಲಿಗೆ ಹಾಕಿ ಅದರ ಮೇಲೆ ಬಟ್ಟೆ ಒಣಗಿಸಿದರಂತೆ. ಶಬ್ಬೀರ ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ಬಟ್ಟೆಗಳನ್ನೆಲ್ಲ ತೆಗೆದು ಮಡಚಿಟ್ಟು, ಏಣಿಯ ಸಡಿಲವಾಗಿದ್ದ ಮೆಟ್ಟಿಲೊಂದಕ್ಕೆ ಹೊಸ ಮೊಳೆ ಹೊಡೆದು ಗೋಡೆಗೆ ಒರಗಿಸಿಟ್ಟರು. ಹೆಂಡತಿಗೆ ಏನೂ ಹೇಳಲಿಲ್ಲ.

ಗಂಟು ಬಿಚ್ಚಿದ್ದು ಓಂಕಾರ ಎಂಬ ಎಲೆಕ್ಟ್ರಿಷಿಯನ್‌ನಿಂದ. ಹುಡುಗಿಯರಿದ್ದ ಮನೆಗೆ ವೈರಿಂಗ್ ಮಾಡಿದವರು ಅವರೇ. ಗೋವಾದಲ್ಲಿ ಕೆಲಸಕ್ಕಿದ್ದ ಓಂಕಾರ ಊರಿಗೆ ಬಂದಾಗ ಸುದ್ದಿ ಕೇಳಿ, ಯಾರೂ ಕರೆಯದಿದ್ದರೂ ತಾನಾಗಿ ಠಾಣೆಗೆ ಹೋದರು. ನನ್ನೊಂದಿಗೆ ಫೋನಿನಲ್ಲಿ ಮಾತನಾಡಿದಾಗ ಅವರು ಹೇಳಿದ್ದು ಇಷ್ಟು: "ಎಸಿ ಇಲ್ಲ, ಪಾಯಿಂಟ್ ಯಾಕ್ರಿ ಅಂತ ಕೇಳಿದ್ದೆ. ಮುಂದ ಹಾಕಸ್ತೀನಿ ಅಂದ. ವೈರ್ ಬಿಟ್ಟ ಹೋಗು, ಪ್ಲೇಟ್ ನಾ ಕೂಡಿಸ್ತೀನಿ ಅಂದ. ಮಾಲೀಕರು ಪ್ಲೇಟ್ ಕೂಡಿಸೂದು ನಾ ಎಲ್ಲೂ ನೋಡಿಲ್ಲ. ಖರೇ ಹೇಳ್ತೀನಿ, ಆಗ ನನಗ ಏನೂ ಹೊಳೀಲಿಲ್ಲ."

ಪೊಲೀಸರ ಮುಂದೆ ಅವರು ಇನ್ನೊಂದು ಮಾತನ್ನೂ ಸೇರಿಸಿದ್ದರು. ಅದು ಠಾಣೆಯನ್ನೇ ಎಬ್ಬಿಸಿತು.

"ಇದೊಂದ ಮನಿ ಅಲ್ರಿ. ಅವನ ಬ್ಯಾರೆ ಬಾಡಿಗಿ ಮನಿಗೋಳಿಗೂ ಹಿಂಗ ಮಾಡಿಕೊಟ್ಟೇನಿ."

ಪೊಲೀಸರು ಹೋಗಿ ನೋಡಿದರು. ಇನ್ನೆರಡು ಮನೆಗಳ ಮಲಗುವ ಕೋಣೆಗಳಲ್ಲಿ ಅದೇ ಎತ್ತರದಲ್ಲಿ ಅದೇ ಬಗೆಯ ಪ್ಲೇಟು. ಒಂದರಲ್ಲಿ ಹೊಸದಾಗಿ ಮದುವೆಯಾದವರು ಇದ್ದರು. ಇನ್ನೊಂದರಲ್ಲಿ ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳು. ಕಳೆದುಹೋಗಿದೆ ಎಂದಿದ್ದ ಫೋನು ಆತನ ಹೊಲದ ಪಂಪಿನ ಮನೆಯಲ್ಲಿ ಸಿಕ್ಕಿತು. ಅದರೊಳಗಿದ್ದ ಆ್ಯಪಿನಲ್ಲಿ ಮೂರೂ ಮನೆಗಳ ಕ್ಯಾಮೆರಾಗಳಿದ್ದವು. ಸಮೃದ್ಧಿಯ ಮನೆಯದು ಆಫ್ ಆಗಿದೆ ಎಂಬ ಸೂಚನೆ ಅದೇ ಆ್ಯಪಿನಿಂದ ಅವನಿಗೆ ಹೋಗಿತ್ತು. ಆ ಸೂಚನೆ ಕಂಡು ಅವನು ಗಾಬರಿಯಾಗಿ ಮಾಡಿದ ಫೋನೇ ಅವನನ್ನು ಹಿಡಿದುಕೊಟ್ಟಿತು. ಈಗ ಅವನು ಜಾಮೀನಿನ ಮೇಲೆ ಹೊರಗಿದ್ದಾನೆ.

ಶಮಶಾದ ಅವರ ಮೇಲಿನ ಮಾತು ಬಿದ್ದುಹೋಯಿತು. ಆದರೆ ಅವರಿಗೆ ಅದರಿಂದ ಬಿಡುಗಡೆಯಾದಂತೆ ಕಾಣುವುದಿಲ್ಲ. "ಮೂರೂ ಮನಿ ಲೈನ್ ನಾನ ಎಳದದ್ದು," ಎನ್ನುತ್ತಾರೆ. "ಕಂಬದಿಂದ ಕಂಬಕ್ಕ ಈ ಕೈಲೆ ಎಳದೇನಿ. ಮಳ್ಯಾಗ ತೊಯ್ಸ್ಕೊಂಡು ಎಳದೇನಿ. ಪೋರಿ ಓದಲಿ, ಬರೀಲಿ, ಊರಿಗೆ ಫೋನ್ ಮಾಡಲಿ ಅಂತ ಎಳದದ್ದು. ಅದರ ಮ್ಯಾಲೇ ಆ ಹೆಣ್ಮಕ್ಕಳ ಮಾನ ಹೊರಗ ಹರದ ಹೋಗಾಕತ್ತಿತ್ತಲ್ರಿ."

ತಪ್ಪು ನಿಮ್ಮದಲ್ಲ ಎಂದೆ. "ಅದು ಗೊತ್ತೈತ್ರಿ," ಎಂದರು.

ಸಮೃದ್ಧಿ, ಸೃಷ್ಟಿ ಖಾನಾಪುರ ಬಿಟ್ಟು ಬೆಳಗಾವಿಯಲ್ಲಿ ಬೇರೆ ಮನೆ ಮಾಡಿದ್ದಾರೆ. ಮನೆ ನೋಡಲು ಹೋದಾಗ ಜೊತೆಗೆ ಶಮಶಾದ ಅವರನ್ನೂ ಕರೆದೊಯ್ದಿದ್ದರು. ಬಾಡಿಗೆ ಮಾತಾಡುವ ಮೊದಲು ಮೇನ್ ಬೋರ್ಡಿನ ಸ್ವಿಚ್ಚುಗಳನ್ನು ಒಂದೊಂದಾಗಿ ಕೆಳಗೆ ಮಾಡಿ ನೋಡಿದಾಗ ಆ ಮನೆಯ ಯಜಮಾನಿ ಸಿಟ್ಟಾದರು. ಕಾರಣ ಕೇಳಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರಂತೆ. ಸೃಷ್ಟಿ ಇವತ್ತಿಗೂ ದೀಪ ಆರಿಸದೆ ಬಟ್ಟೆ ಬದಲಿಸುವುದಿಲ್ಲ ಎಂದು ಅಕ್ಕ ನನಗೆ ಹೇಳಿದಳು. "ಮನಿ ಬದಲ ಮಾಡಿದ್ವಿ. ಗ್ವಾಡಿ ನೋಡೂ ಕಣ್ಣ ಬದಲ ಆಗವಲ್ಲವು," ಎಂದಳು.

ಶಮಶಾದ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಈಗ ಕರೆಗಳು ಮೊದಲಿಗಿಂತ ಹೆಚ್ಚು. ವೈಫೈ ಸರಿ ಮಾಡಲೆಂದು ಕರೆದು, ಕೆಲಸ ಮುಗಿದ ಮೇಲೆ ದನಿ ತಗ್ಗಿಸಿ, "ಅಕ್ಕಾರ, ಒಳಗಿನ ಖೋಲಿ ಒಂದೀಟ ನೋಡ್ರಿ" ಎನ್ನುವ ಹೆಂಗಸರಿದ್ದಾರೆ. ನೋಡಿ ಕೊಡುತ್ತಾರೆ. ಅದು ಕಚೇರಿಯ ಕೆಲಸವಲ್ಲ, ಕಚೇರಿಯಲ್ಲಿ ಹೇಳುವುದೂ ಇಲ್ಲ. ಕೆಲವು ಬಾಗಿಲುಗಳು ಇನ್ನೂ ತೆರೆದಿಲ್ಲ. ಚಂದ್ರವ್ವ ದಾರಿಯಲ್ಲಿ ಸಿಕ್ಕರೆ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡುತ್ತಾರೆ. "ಅವರಿಗೆ ನಾಚಿಕಿ ಆಗೇತ್ರಿ, ಸಿಟ್ಟಲ್ಲ. ಒಂದಿನ ನಾನ ಹೋಗಿ ರೊಟ್ಟಿ ಕೇಳ್ತೀನಿ," ಎನ್ನುತ್ತಾರೆ ಶಮಶಾದ.

ನಾನು ಹೊರಡುವ ಹೊತ್ತಿಗೆ ಜನ್ನತ ರಜೆಗೆಂದು ಮನೆಗೆ ಬಂದಿದ್ದಾಳೆ. ತಾಯಿಯ ಎದುರು ಕುಳಿತು ವಕೀಲರ ಹಾಗೆ ಪ್ರಶ್ನೆ ಕೇಳುತ್ತಿದ್ದಾಳೆ. ವಿಚಾರಣೆ ಶುರುವಾಗಲಿದೆ, ಶಮಶಾದ ಸಾಕ್ಷಿ ಹೇಳಬೇಕು. ಕೆಲವು ದಿನಗಳ ಹಿಂದೆ ಮಾಲೀಕನ ಕಡೆಯವರೊಬ್ಬರು ಮನೆಗೇ ಬಂದಿದ್ದರು. ಬೆದರಿಸಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದರು. ದಿನಾ ಹತ್ತು ಮನೆ ತಿರುಗುವವರು ನೀವು, ಯಾವ ಮನೆಯಲ್ಲಿ ಏನಿತ್ತೆಂದು ನೆನಪಿಲ್ಲ ಅಂದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ ಎಂದರಂತೆ.

"ನೀವು ಏನಂದ್ರಿ?" ಎಂದು ಕೇಳುತ್ತೇನೆ.

"ಚಹಾ ಕುಡೀರಿ ಅಂದೆ. ಕುಡದ್ರು. ಆಮ್ಯಾಲೆ ಅಂದೆ, ನನಗ ಎಲ್ಲಾ ನೆನಪೈತ್ರಿ, ಹೇಳಾಕೂ ಬರ್ತೇತಿ."

ಮಗಳು ನಗುತ್ತಾಳೆ. ಶಮಶಾದ ನಗುವುದಿಲ್ಲ. ಕಂಬದ ಮೇಲೆ ಗಾಳಿಗೂ ಅಳುಕದ ಈ ಹೆಂಗಸಿಗೆ ಕೋರ್ಟಿನ ಕಟಕಟೆಯ ಭಯವಿದೆ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಚೀಲ ಹೆಗಲಿಗೇರಿದಾಗ ಬಾಗಿಲವರೆಗೆ ಬಂದು, ಒಂದು ಆಸೆ ಇದೆ ಎಂದರು.

"ಅವತ್ತ ಅವಾ ಎದರಿಗೇ ಇರ್ತಾನಂತ. ಆ ಹುಡಿಗ್ಯಾರೂ ಇರ್ತಾರಂತ. ಹೇಳುಮುಂದ ನನ್ನ ದನಿ ನಡಗಬಾರದ್ರಿ. ಅಷ್ಟ."